ಊರಾಗ ಅಣ್ಣ ಕುಡಿತಕ್ಕ ಬಿದ್ದಾನ, ವೈನಿ ಮತ್ತ ಅವ್ವಗ ಗೋವಾದಿಂದ ನಾ ಏನ್ ಮಾಡ್ಲಿ?

ಝುವಾರಿನಗರ_ಹುಡುಗ

ನಮಸ್ಕಾರ ಎಲ್ಲಾರಿಗೂ. ನಾ ಇಲ್ಲೆ ಝುವಾರಿನಗರದಾಗ ಇರ್ತೀನಿ, ವೆರ್ಣಾದಾಗ ಫಾರ್ಮಾ ಕಂಪನಿಯೊಳಗ ಪ್ಯಾಕಿಂಗ್ ಸೆಕ್ಷನ್. ಊರು ಗದಗ ಜಿಲ್ಲಾ ರೋಣ ತಾಲೂಕ.

ವಿಷಯ ನಮ್ಮ ಅಣ್ಣಂದು. ಮೊದಲ ಅವನೂ ಇಲ್ಲೇ ವಾಸ್ಕೋದಾಗ ಸೆಂಟ್ರಿಂಗ್ ಕೆಲಸ ಮಾಡ್ತಿದ್ದ, ಸಂಜಿಗೆ ಮೈಕೈ ನೋವು ಅಂತ ಒಂದ್ ಕ್ವಾಟರ್ ಹಾಕಾವ, ಆಗ ಯಾರೂ ಅದನ್ನ ದೊಡ್ಡದ ಮಾಡ್ಲಿಲ್ಲ ಯಾಕಂದ್ರ ಜೊತಿಗಿದ್ದವ್ರು ಎಲ್ಲಾರೂ ಹಾಕಾವ್ರು. ಅಪ್ಪ ತೀರಿಕೊಂಡ ಮ್ಯಾಲ ಹೊಲ ನೋಡ್ಕೋತೀನಿ ಅಂತ ಊರಿಗೆ ಹೋದ. ಈಗ ಮುಂಜಾನೆ ಎದ್ದ ಕೂಡ್ಲೆ ಬೇಕು. ಕೈ ನಡುಗತಾವಂತ, ಒಂದ್ ನೈಂಟಿ ಪ್ಯಾಕೇಟ್ ಒಳಗ ಹೋಗೂತನಕ ಚಾದ ಕಪ್ಪು ಹಿಡ್ಯಾಕ ಬರಂಗಿಲ್ಲಂತ. ವೈನ್ ಶಾಪ್ ದೂರ ಐತಿ ಖರೆ, ಆದ್ರ ಊರಾಗ ಕಿರಾಣಿ ಅಂಗಡ್ಯಾಗ ಪ್ಯಾಕೇಟ್ ಸಿಗ್ತಾವ, ಉದ್ರಿ ಬ್ಯಾರೆ ಕೊಡ್ತಾರ.

ನಾ ತಿಂಗಳಾ ರೊಕ್ಕ ಹಾಕ್ತೀನಿ, ಅವನ ಫೋನ್‌ಪೇಗೆ ಹಾಕಿದ್ರ ಎಲ್ಲಿಗೆ ಹೋಗ್ತೈತಿ ನಿಮಗ ಗೊತ್ತೈತಿ. ಹಾಕ್ಲಿಲ್ಲ ಅಂದ್ರ ಅವ್ವನ ಮುಂದ ಕುಂತು ಅಳ್ತಾನ, ಅವ್ವ ನನಗ ಫೋನ್ ಹಚ್ಚಿ ಅಳ್ತಾಳ. ವೈನಿ ಹೆಸರ್ಲೆ ಸಂಘದಾಗ ಸಾಲ ತಗಸ್ಯಾನ, ಕಂತು ಮಾತ್ರ ವೈನಿ ಕೂಲಿ ಹೋಗಿ ತುಂಬ್ತಾಳ. ಗೃಹಲಕ್ಷ್ಮಿ ಎರಡ ಸಾವಿರ ಬಂದ ದಿನ ಮನ್ಯಾಗ ಜಗಳ ಗ್ಯಾರಂಟಿ, ಕೈನೂ ಮಾಡ್ತಾನ. ದೊಡ್ಡ ಮಗಳು ಒಂಬತ್ತನೇತ್ತ, ಶಾಣ್ಯಾ ಹುಡುಗಿ, ಈಗ ಸಾಲಿ ಅರ್ಧಂಬರ್ಧ. ಅದಕ್ಕ ಲಗ್ನಾ ಮಾಡಿ ಕಳಿಸಿಬಿಡ್ರಿ, ಹುಡುಗಿರ ಪಾರಾಗ್ತೈತಿ ಅನ್ನಾವ್ರೂ ಅದಾರ.

ಸಲಹಾ ಅಂತೂ ರಗಡ ಬಂದಾವ. ಒಬ್ಬರು ಮಾಲಿ ಹಾಕಸು ಅಂತಾರ, ಒಬ್ಬರು ದೇವರ ಮುಂದ ಆಣಿ ಮಾಡಸು ಅಂತಾರ (ಮಾಡಿಸಿದ್ವಿ, ಶ್ರಾವಣ ಮುಗಿಯೂತನಕ ನಡೀತು), ಸೋದರಮಾವ ಅಂತೂ ಯಾವುದೋ ಪುಡಿ ತಂದಾನ, ಹಾಲಾಗ ಗೊತ್ತಾಗದಂಗ ಹಾಕ್ರಿ ಕುಡಿಯೂದು ಬಿಡ್ತಾನ ಅಂತ. ಇನ್ನೊಬ್ಬರು ಗೋವಾಕ್ಕ ಕರ್ಕೊಂಡು ಹೋಗು ಅಂತಾರ, ಇಲ್ಲಿ ಎಣ್ಣಿ ಅಲ್ಲಿಗಿಂತ ಅಗ್ಗ ಅನ್ನೂದು ಅವರಿಗೆ ಗೊತ್ತಿಲ್ಲಂತ ಕಾಣ್ತೈತಿ.

ಅಣ್ಣನ ಟ್ರೀಟ್ಮೆಂಟ್ ಎಲ್ಲಿ ಮಾಡಸ್ಬೇಕು ಹೇಳ್ರಿ. ಆದ್ರ ಅದಕ್ಕಿಂತ ಜಾಸ್ತಿ ನನಗ ಕಾಡೂದು ವೈನಿದು. ಮೊದಲೆಲ್ಲಾ ಫೋನಿನ್ಯಾಗ ನಗುನಗುತಾ ಮಾತಾಡಾಕಿ, ಈಗ ಎತ್ತೂದ ಇಲ್ಲ, ಎತ್ತಿದ್ರ "ಆರಾಮ ಅದೀವಿ ಬಿಡ್ರಿ" ಅಂತ ಇಟ್ಟುಬಿಡ್ತಾಳ. ಅವ ಬಿಡೂತನಕ ಇವರು ಹಿಂಗ ಇರ್ಬೇಕನು? ಇಷ್ಟು ದೂರ ಕುಂತು ಏನಾದ್ರೂ ಮಾಡಾಕ ಬರ್ತೈತೇನು?

---

ಬಾಂಬೋಳಿ_ಸಿಸ್ಟರ್

ತಮ್ಮಾ, ನಾ ಹುಬ್ಬಳ್ಳಿಯಾಕಿ, ಇಲ್ಲೆ ಗೋವಾದಾಗ ನರ್ಸ್ ಅದೀನಿ. ಮೊದಲ ಅರ್ಜೆಂಟ್ ಇದ್ದದ್ದು ಹೇಳ್ತೀನಿ, ಉಳಿದದ್ದು ಬ್ಯಾರೆಯವ್ರು ಹೇಳ್ತಾರ.

ಮುಂಜಾನೆ ಕೈ ನಡುಗಿ, ಕುಡದ ಮ್ಯಾಲ ನಿಲ್ತಾವ ಅಂದ್ರ ಅದು ಬರೇ ಚಟ ಅಲ್ಲ, ಮೈ ಅದಕ್ಕ ಒಗ್ಗಿಬಿಟ್ಟೈತಿ. ಇಂಥವ್ರನ್ನ ಏಕ್ದಮ್ ಬಿಡಸಬಾರದು. ಖೋಲಿಯಾಗ ಹಾಕಿ ಕೀಲಿ ಹಾಕೂದು, ಹಗ್ಗಾ ಕಟ್ಟೂದು, ಎರಡ ದಿನ ತಡಕೊಂಡ್ರ ಆತು ಅನ್ನೂದು, ಇದರಾಗ ಜೀವಾ ಹೋದವ್ರು ಅದಾರ. ಬಿಟ್ಟ ಮೊದಲನೇ ಎರಡ ದಿನದಾಗ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಕನೇ ದಿನದೊಳಗ ಕೆಲವ್ರಿಗೆ ಬುದ್ಧಿ ಭ್ರಮಣಿ ಆಗ್ತೈತಿ, ಗ್ವಾಡಿ ಮ್ಯಾಲ ಹುಳ ಹರದಾಡ್ತಾವ ಅಂತಾರ, ಇಲ್ಲದವರ ಕೂಡ ಮಾತಾಡ್ತಾರ, ಮೈಯೆಲ್ಲಾ ಬೆವರು, ಜ್ವರ. ನಮ್ಮ ಕಡೆ ಇದನ್ನ ಗಾಳಿ ಬಡದೈತಿ ಅಂತ ತಿಳದು ದೇವರ ಹೇಳಾವನ ಕಡೆ ಒಯ್ತಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ, ಅದು ಎಮರ್ಜನ್ಸಿ, 108ಕ್ಕ ಫೋನ್ ಹಚ್ಚಿ ಸೀದಾ ದವಾಖಾನಿಗೆ ಒಯ್ಯಬೇಕು. ಅಲ್ಲಿ ನಡುಕ ಇಳಿಸೂ ಗುಳಿಗಿ ಲೆಕ್ಕದಲೆ ಕೊಟ್ಟು ದಿನಾ ಕಡಿಮಿ ಮಾಡ್ಕೋತ ಬರ್ತಾರ, ಬಿ1 ವಿಟಮಿನ್ ಇಂಜೆಕ್ಷನ್ ಹಾಕ್ತಾರ. ಕುಡ್ಯಾವ್ರು ಊಟಾ ಮಾಡಂಗಿಲ್ಲಲ್ಲ, ಆ ವಿಟಮಿನ್ ಮೈಯಾಗ ಇರೂದ ಇಲ್ಲ, ಹಂಗ ಬಿಟ್ರ ಮೆದುಳಿಗೆ ಪೆಟ್ಟು.

ಎರಡನೇದ್ದು ಆ ಪುಡಿ. ಬ್ಯಾಡ. ಅದರಾಗ ಏನೈತಿ ಯಾರಿಗೂ ಗೊತ್ತಿಲ್ಲ. ಕೆಲವು ಕಡೆ ಡೈಸಲ್ಫಿರಾಮ್ ಅನ್ನೂ ಗುಳಿಗಿನ ಅರದು ಹಿಂಗ ಕೊಡ್ತಾರ. ಅದು ಖರೇನ ಔಷಧ, ಡಾಕ್ಟರೂ ಬರದು ಕೊಡ್ತಾರ, ಆದ್ರ ಪೇಷಂಟಿಗೆ ಎಲ್ಲಾ ತಿಳಿಸಿ, ಅವನ ಒಪ್ಪಿಗಿ ತಗೊಂಡು. ಅದು ಮೈಯಾಗ ಇದ್ದಾಗ ಕುಡದ್ರ ಮಾರಿ ಕೆಂಪಾಗಿ, ವಾಂತಿ ಆಗಿ, ಎದಿ ಬಡಕೊಂಡು, ಬಿಪಿ ಇಳದು ಬೀಳ್ತಾರ. ನಿಮ್ಮಣ್ಣಗ ಹಾಲಾಗ ಏನೈತಿ ಗೊತ್ತಿರಂಗಿಲ್ಲ, ಅವ ದಿನದಂಗ ಪ್ಯಾಕೇಟ್ ಹಾಕ್ತಾನ, ನಾಳೆ ಹೆಚ್ಚುಕಡಿಮಿ ಆದ್ರ ಹಾಲು ಕೊಟ್ಟಾಕಿ ನಿಮ್ಮ ವೈನಿ. ಊರ ಮಂದಿ ಆಕಿನ್ನ ಏನಂತಾರ ವಿಚಾರ ಮಾಡ್ರಿ. ಸೋದರಮಾವಗ ಹೇಳಿ ಆ ಪುಡಿ ಗಟಾರಕ್ಕ ಒಗಸ್ರಿ.

ಎಲ್ಲಿ ತೋರಸ್ಬೇಕು ಅಂದ್ರ ನಿಮಗ ಧಾರವಾಡದ ಡಿಮ್ಹಾನ್ಸ್ (ಮಾನಸಿಕ ರೋಗದ ದೊಡ್ಡ ದವಾಖಾನಿ) ದೂರ ಅಲ್ಲ. ಸರ್ಕಾರಿ ದವಾಖಾನಿ, ಖರ್ಚು ಕಡಿಮಿ. ಗದಗಿನ ಜಿಮ್ಸ್ ಅಂದ್ರ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಯಾಗೂ ಮನೋರೋಗ ವಿಭಾಗ ಐತಿ. ಮನೋಚೈತನ್ಯ ಅಂತ ಸರ್ಕಾರದ್ದು ಒಂದ್ ಕಾರ್ಯಕ್ರಮ ಐತಿ, ಅದರಾಗ ಮಂಗಳವಾರ ತಾಲೂಕ ದವಾಖಾನಿಗೆ ಮನೋವೈದ್ಯರು ಬರ್ತಾರ. ರೋಗಿ ಬರ್ಲಿಕ್ಕೆ ಒಲ್ಲೆ ಅಂದ್ರೂ ಮನಿಯವ್ರು ಹೋಗಿ ಕೇಳಬಹುದು, ಇದು ಭಾಳ ಮಂದಿಗೆ ಗೊತ್ತಿಲ್ಲ.

ಫೋನ್ ಮ್ಯಾಲೆ ಆದ್ರ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416, ಹಗಲು ರಾತ್ರಿ ಫ್ರೀ, ಕನ್ನಡದಾಗ ಮಾತಾಡ್ತಾರ. ಇದು ಅಣ್ಣನ ಸಲುವಾಗಿ ಅಷ್ಟ ಅಲ್ಲ, ವೈನಿನೂ ಮಾಡಬಹುದು, ನೀನೂ ಮಾಡಬಹುದು.

---

ಡೈರೆಕ್ಟ್_ಮಾತು_ಕಲ್ಯಾಣ್

ಇಷ್ಟೆಲ್ಲಾ ಯಾಕೆ. ಮೈ ಮುರಿದು ದುಡಿಯೋರು ನೀವು, ಅವನು ಕುಡಿದು ಹಾಳು ಮಾಡೋನು. ಒದ್ದು ಹೊರಗೆ ಹಾಕಿ. ಇಲ್ಲಾ ಪ್ರೈವೇಟ್ ಸೆಂಟರ್‌ಗೆ ಫೋನ್ ಮಾಡಿ, ವ್ಯಾನ್ ತಂದು ನಾಲ್ಕು ಜನ ಎತ್ತಾಕ್ಕೊಂಡು ಹೋಗ್ತಾರೆ, ಆರು ತಿಂಗಳು ಒಳಗಿದ್ರೆ ಬುದ್ಧಿ ಬರುತ್ತೆ.

---

ಫೋಂಡಾ_ಮಲ್ನಾಡಿಗ

ಕಲ್ಯಾಣ್ ಸರ್, ಸಿಟ್ಟು ಅರ್ಥ ಆಗುತ್ತೆ, ಆದ್ರೆ ಆ ವ್ಯಾನ್ ಐಡಿಯಾ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ವ್ಯಸನವೂ ಸೇರುತ್ತೆ, ಒಪ್ಪಿಗೆ ಇಲ್ಲದೆ ಸೇರಿಸ್ಕೊಳ್ಳೋಕೆ ಡಾಕ್ಟರ್‌ಗಳು ಪರೀಕ್ಷೆ ಮಾಡಿ ಬರೆದುಕೊಡ್ಬೇಕು, ಅದಕ್ಕೂ ದಿನದ ಮಿತಿ ಇದೆ, ಸರಪಳಿ ಹಾಕೋದಂತೂ ಪೂರ್ತಿ ನಿಷೇಧ. ನೋಂದಣಿ ಇಲ್ಲದ ಜಾಗಗಳಲ್ಲಿ ಹೊಡೆದು ಬಡಿದು ಮಾಡ್ತಾರೆ, ಹೊರಗೆ ಬಂದೋನು ಮೊದಲು ಹುಡುಕೋದು ತನ್ನನ್ನ ಅಲ್ಲಿಗೆ ಕಳಿಸಿದೋರು ಯಾರು ಅಂತ, ಆಮೇಲೆ ಬಾಟಲಿನ. ಆ ಸಿಟ್ಟು ಬೀಳೋದು ಹೆಂಡ್ತಿ ಮೇಲೆ.

ಝುವಾರಿನಗರದ ಅಣ್ಣಾ, ನಾನು ಸಮಾಜಕಾರ್ಯ ಓದಿ ಇಲ್ಲೇ ಗೋವಾದಲ್ಲಿ ಕೆಲ್ಸ ಮಾಡ್ತಿದ್ದೀನಿ. ನಿಮ್ಮ ಕೊನೇ ಪ್ರಶ್ನೆ ಇದೆಯಲ್ಲ, ಅವ ಬಿಡೋ ತನಕ ಇವರು ಹಿಂಗೇ ಇರ್ಬೇಕಾ ಅಂತ, ನನ್ನ ಪ್ರಕಾರ ಅದೇ ಮೊದಲ್ನೇ ಪ್ರಶ್ನೆ ಆಗ್ಬೇಕಿತ್ತು. ನಮ್ಮಲ್ಲಿ ಎಲ್ಲ ವ್ಯವಸ್ಥೆನೂ ಕುಡಿಯೋನ ಸುತ್ತ ಇರೋದು, ಮನೆಯವರು ಅಂದ್ರೆ ಅವನನ್ನ ಕರ್ಕೊಂಡು ಬರೋರು, ಮಾತ್ರೆ ಕೊಡೋರು ಅಷ್ಟೇ. ಅವರೇ ಜಜ್ಜಿ ಹೋಗಿರ್ತಾರೆ ಅಂತ ಯಾರೂ ಕೇಳಲ್ಲ. ಅವನೋ ಬರೋದೇ ಇಲ್ಲ. ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿದ ಸರ್ವೆ 2019ರಲ್ಲಿ ಬಂತು, ಮದ್ಯಕ್ಕೆ ಪೂರ್ತಿ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ರೀತಿ ಚಿಕಿತ್ಸೆ ಸಿಕ್ಕಿದೆ ಅಂತ ಅದ್ರಲ್ಲಿದೆ. ಹಾಗಾದ್ರೆ ಉಳಿದ 37 ಮನೆ ಹೆಂಗಸರು ಏನು ಮಾಡ್ಬೇಕು? ಕಾಯ್ತಾ ಕೂರ್ಬೇಕಾ?

ಇಂಗ್ಲೆಂಡಲ್ಲಿ ಕೆಲವು ಸಂಶೋಧಕರು ಬರೀ ಮನೆಯವರಿಗೋಸ್ಕರ ಐದು ಹಂತದ ಒಂದು ವಿಧಾನ ಮಾಡಿದ್ರು, ಕುಡಿಯೋನು ಬರ್ಲಿ ಬಿಡ್ಲಿ. ಅದನ್ನ ನಿಮ್ಮ ಗೋವಾದಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡೋ ಸಂಗಾತ್ ಸಂಸ್ಥೆಯವರು ಇಲ್ಲಿನ ಮನೆಗಳಿಗೆ ಹೊಂದಿಸಿ ನೋಡಿದಾರೆ, ಮಾಡೋರು ಡಾಕ್ಟರ್‌ಗಳಲ್ಲ, ತರಬೇತಿ ತಗೊಂಡ ಸಾಮಾನ್ಯ ಜನ. ಮೊದಲು ಅವರ ಮಾತು ಪೂರ್ತಿ ಕೇಳೋದು, ತಪ್ಪು ಹುಡುಕದೆ. ಆಮೇಲೆ ಕುಡಿತ ಅಂದ್ರೆ ಏನು, ಮೈಯಲ್ಲಿ ಏನಾಗುತ್ತೆ ಅಂತ ಸರಿಯಾದ ವಿಷಯ ಹೇಳೋದು. ಮೂರ್ನೇದು ಈಗ ಹೇಗೆ ನಿಭಾಯಿಸ್ತಿದ್ದಾರೆ ಅಂತ ಕೂತು ನೋಡೋದು. ನಾಲ್ಕು, ಅವರ ಜೊತೆ ಯಾರಿದಾರೆ. ಐದು, ಇನ್ನೇನು ಬೇಕು.

ಆ ಮೂರ್ನೇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ಎಲ್ಲ ಜಗಳ ಇರೋದೇ ಅಲ್ಲಿ. ಮನೆಯವರು ಸಾಮಾನ್ಯವಾಗಿ ಮೂರು ಥರ ಇರ್ತಾರೆ. ಒಂದು ಸಹಿಸ್ಕೊಳ್ಳೋದು, ಅಂದ್ರೆ ಸಾಲ ತೀರಿಸೋದು, ಮೇಸ್ತ್ರಿಗೆ ಅವನಿಗೆ ಜ್ವರ ಅಂತ ಸುಳ್ಳು ಹೇಳೋದು, ವಾಂತಿ ಬಳಿಯೋದು. ಇನ್ನೊಂದು ಎದುರು ನಿಲ್ಲೋದು, ಬಾಟ್ಲಿ ಚೆಲ್ಲೋದು, ಕೂಗಾಡೋದು, ಜೇಬು ಹುಡುಕೋದು, ಅಥ್ವಾ ಸಮಾಧಾನದಲ್ಲಿ ಇಷ್ಟಕ್ಕೆ ಮಾತ್ರ ಒಪ್ತೀನಿ ಅಂತ ಹೇಳೋದು. ಮೂರ್ನೇದು ದೂರ ಸರಿದು ತಮ್ಮ ಪಾಡಿಗೆ ಇರೋದು. ಇದ್ರಲ್ಲಿ ಇದೇ ಸರಿ ಅಂತ ಯಾವುದೂ ಇಲ್ಲ, ಮತ್ತೆ ಎಲ್ಲರೂ ದಿನಕ್ಕೆ ಮೂರನ್ನೂ ಮಾಡಿರ್ತಾರೆ. ಒಂದೊಂದರಿಂದ ತನಗೇನಾಯ್ತು, ಮಕ್ಕಳಿಗೇನಾಯ್ತು ಅಂತ ಅವರೇ ನೋಡ್ಕೊಂಡು ಅವರೇ ಆರಿಸ್ಕೋಬೇಕು. ನಿಮ್ಮ ಅತ್ತಿಗೆ "ಆರಾಮ ಅದೀವಿ" ಅಂತ ಫೋನ್ ಇಡೋದು ಮೂರ್ನೇದು ಅನ್ಸುತ್ತೆ ನಂಗೆ. ಕರೆ ಮಾಡಿದವರೆಲ್ಲ ಅಣ್ಣ ಹೆಂಗಿದಾನೆ, ಇವತ್ತು ಕುಡಿದ್ನಾ ಅಂತಾನೇ ಕೇಳ್ತಾರಲ್ಲ, ಪ್ರತಿ ಸಲ ವರದಿ ಒಪ್ಪಿಸಿ ಒಪ್ಪಿಸಿ ಸಾಕಾಗಿರುತ್ತೆ. ಮುಂದಿನ ಸಲ ಫೋನ್ ಮಾಡ್ದಾಗ ಅಣ್ಣನ ಸುದ್ದಿನೇ ತೆಗೀಬೇಡಿ, ನಿಮ್ಮ ಹೆಂಡ್ತಿ ಕೈಲೇ ಮಾಡ್ಸಿ, ಊಟ ಆಯ್ತಾ, ಮೊಣಕಾಲು ನೋವು ಹೆಂಗಿದೆ, ಅಷ್ಟೇ.

ಹೊಡೆತದ ವಿಷಯ ಬೇರೆ. ಅಲ್ಲಿ ಆರಿಸ್ಕೊಳ್ಳೋ ಮಾತಿಲ್ಲ. ಕುಡಿದ ಅಮಲಲ್ಲಿ ಹೊಡ್ದ ಅನ್ನೋದು ಕಾನೂನಲ್ಲಿ ನೆಪ ಆಗಲ್ಲ. ಆ ಹೊತ್ತಿಗೆ ಪೊಲೀಸ್ 112, ಮಾತಾಡೋಕೆ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮನೆ ಅವನ ಹೆಸರಲ್ಲಿದ್ರೂ ಅವರನ್ನ ಆ ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ, ತಾಲೂಕಿನ ಸಿಡಿಪಿಒ (ಮಹಿಳಾ ಮತ್ತು ಮಕ್ಕಳ ಇಲಾಖೆ) ಆಫೀಸಲ್ಲಿ ದೂರು ಕೊಡಬಹುದು, ಅಂಗನವಾಡಿ ಟೀಚರ್‌ಗೆ ಆ ದಾರಿ ಗೊತ್ತಿರುತ್ತೆ. ರಾತ್ರಿ ಜೋರಾದ್ರೆ ಮಕ್ಕಳನ್ನ ಕರ್ಕೊಂಡು ಯಾವ ಮನೆಗೆ ಹೋಗ್ಬೇಕು ಅಂತ ಮೊದಲೇ ಮಾತಾಡಿಟ್ಟಿರಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕು ಆ ಮನೇಲೇ ಇರ್ಲಿ.

---

ಥಾಣೆ_ಹೋಟ್ಲು

ಒಳ್ಳೆ ಮಾತು ಹೇಳಿದ್ರಿ ಫೋಂಡಾದವರೇ. ನಾನು ಕುಂದಾಪುರ ಕಡೆಯವ, ಮುಂಬೈಯಲ್ಲಿ ಹೋಟ್ಲಲ್ಲೇ ಕೂದಲು ಹಣ್ಣಾದದ್ದು, ಪರ್ಮಿಟ್ ರೂಮ್ (ಅಲ್ಲಿನ ಬಾರ್) ಗಲ್ಲದಲ್ಲೂ ಕೂತಿದ್ದೇನೆ, ಹಾಗಾಗಿ ಈ ಜನರನ್ನು ಎರಡೂ ಬದಿಯಿಂದ ನೋಡಿಯಾಗಿದೆ ಮಾರಾಯ್ರೆ.

ನಮ್ಮ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ಮಾಡ್ತಾರೆ, ಈಗ ನಿಮ್ಮ ಉತ್ತರ ಕರ್ನಾಟಕದಲ್ಲೂ ಉಂಟು. ಊರಿನ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಒಂದು ವಾರ ಅಲ್ಲೇ ಉಳಿಸಿಕೊಂಡು ಯೋಗ, ಭಜನೆ, ಸಲಹೆ, ಮತ್ತೆ ನಡುವೆ ಒಂದು ದಿನ ಹೆಂಡತಿ ಮಕ್ಕಳನ್ನೂ ಕರೆಸ್ತಾರೆ. ಶಿಬಿರ ಆದ ಮೇಲೆ ಬಿಟ್ಟವರದ್ದೇ ನವಜೀವನ ಸಮಿತಿ ಅಂತ ಮಾಡಿ ಆಗಾಗ ಸೇರಿಸ್ತಾರೆ. ನನಗೆ ಕೇಳಿದ್ರೆ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ. ಶಿಬಿರ ಮುಗಿಸಿ ಹಾರ ಹಾಕಿಸಿಕೊಂಡು ಬಂದವನನ್ನು ಮರುದಿನ ಅದೇ ಕಟ್ಟೆ ಅದೇ ದೋಸ್ತಿಗಳು ಕಾಯ್ತಾ ಇರ್ತಾರಲ್ಲ. ಒಂದು ಮಾತು, ಸಿಸ್ಟರ್ ಹೇಳಿದ ಹಾಗೆ ನಿಮ್ಮಣ್ಣನಿಗೆ ಕೈ ನಡುಗುವಷ್ಟು ಆಗಿದೆ, ಮೊದಲು ಆಸ್ಪತ್ರೆ, ಶಿಬಿರಕ್ಕೆ ಸೇರಿಸುವಾಗ್ಲೂ ಈ ವಿಷಯ ಮುಚ್ಚಿಡಬೇಡಿ.

ದೇವರ ಆಣೆ, ಮಾಲೆ ಇದನ್ನೆಲ್ಲ ತಮಾಷೆ ಮಾಡ್ಲಿಕ್ಕೆ ಹೋಗ್ಬೇಡಿ ಯಾರೂ. ಶ್ರಾವಣ ಮುಗಿಯುವವರೆಗೆ ಬಿಟ್ಟಿದ್ದ ಅಂದ್ರಿ, ಅಂದ್ರೆ ಬಿಡ್ಲಿಕ್ಕೆ ಆಗ್ತದೆ ಅಂತ ಆಯ್ತಲ್ಲ. ಆ ಒಂದು ತಿಂಗಳು ಏನು ಬೇರೆ ಇತ್ತು ಅಂತ ಅವನ ಹತ್ರವೇ ಕೇಳಿ, ಬೈಯ್ಯದೆ. ಹಾಂ, ಕೇಳುವುದು ಬೆಳಿಗ್ಗೆ, ಸಂಜೆ ಎಣ್ಣೆ ಹಾಕಿದ ಮೇಲೆ ಕೇಳಿದ್ರೆ ವೇದಾಂತ ಹೇಳ್ತಾನೆ, ಕಣ್ಣೀರು ಹಾಕ್ತಾನೆ, ಪ್ರಯೋಜನ ಇಲ್ಲ.

ಮತ್ತೆ ಕಿರಾಣಿ ಅಂಗಡಿಯಲ್ಲಿ ಪ್ಯಾಕೇಟ್ ಮಾರುವುದು ಪಕ್ಕಾ ಕಾನೂನುಬಾಹಿರ. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಆದ್ರೆ ಅದರ ಜಾಗಕ್ಕೆ ಈ ಅಗ್ಗದ ವಿಸ್ಕಿ ಪ್ಯಾಕೇಟ್ ಬಂತು, ಹಳ್ಳಿಹಳ್ಳಿಗೆ. ರಾಯಚೂರು ಕಡೆಯ ಹೆಂಗಸರು ಇದಕ್ಕಾಗಿಯೇ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋದದ್ದು ನೆನಪುಂಟಾ? ನಿಮ್ಮ ಅತ್ತಿಗೆ ಒಬ್ಬರೇ ಅಂಗಡಿಯವನ ಮೇಲೆ ದೂರು ಕೊಟ್ರೆ ಊರಲ್ಲಿ ಬದುಕ್ಲಿಕ್ಕೆ ಕಷ್ಟ. ಸ್ತ್ರೀಶಕ್ತಿ ಸಂಘದ ಹತ್ತಿಪ್ಪತ್ತು ಹೆಂಗಸರು ಸಹಿ ಹಾಕಿ ಅಬಕಾರಿ ಇಲಾಖೆಗೆ, ಪಂಚಾಯ್ತಿಗೆ ಕೊಟ್ರೆ ಆಗ ಬೇರೆ.

---

ಹಿಂಜವಡಿ_ಇಂಡಿ

ನಾನು ವಿಜಯಪುರ ಜಿಲ್ಲೆ ಇಂಡಿ ಕಡೆಯಾಕಿ, ಈಗ ಪುಣೆದಾಗ ಐಟಿ. ಇಂಥಾ ಪೋಸ್ಟಿಗೆ ನಾ ಎಂದೂ ರಿಪ್ಲೈ ಮಾಡಂಗಿಲ್ಲ, ಆದ್ರ ಆ ಒಂಬತ್ತನೇತ್ತೆ ಹುಡುಗಿ ಸುದ್ದಿ ಓದಿ ಬರೀಲಿಕತ್ತೀನಿ. ನಮ್ಮಪ್ಪನೂ ಹಿಂಗ ಇದ್ದ.

ಎಲ್ಲಾರೂ ಅವ್ವನ್ನ ಕೇಳ್ತಾರ, ಹುಡುಗೂರನ್ನ ಯಾರೂ ಕೇಳಂಗಿಲ್ಲ, ಸಣ್ಣವಿದಾವ ಏನ್ ತಿಳೀತೈತಿ ಅಂತ. ಎಲ್ಲಾ ತಿಳೀತೈತಿ ಅಣ್ಣಾರ. ಚಪ್ಲಿ ಸಪ್ಪಳದ ಮ್ಯಾಲೆ ಇವತ್ತ ಎಷ್ಟ ಕುಡದಾನ ಅಂತ ನಾ ಹೇಳ್ತಿದ್ದೆ. ಗೆಳತ್ಯಾರನ್ನ ಮನಿಗೆ ಕರೀತಿರ್ಲಿಲ್ಲ. ಸಾಲ್ಯಾಗ ಮಾಸ್ತರು ಅಪ್ಪನ್ನ ಕರ್ಕೊಂಡು ಬಾ ಅಂದ್ರ ಎರಡ್ ದಿನ ಸಾಲೀನ ತಪ್ಪಸ್ತಿದ್ದೆ. ನಿಮ್ಮ ಅಣ್ಣನ ಮಗಳು ಸಾಲಿ ಯಾಕ ತಪ್ಪಸ್ತಾಳ ಅಂತ ಆಕಿನ್ನ ಕೇಳೀರೇನು? ಮನ್ಯಾಗ ತಮ್ಮನ್ನ ನೋಡ್ಕೊಳ್ಳಾಕೋ, ಅವ್ವಗ ರಕ್ಷಣಾ ಅಂತ ಉಳೀತಾಳೋ, ಇಲ್ಲಾ ನಾಚಿಕಿಗೋ. ಮೂರಕ್ಕೂ ಬ್ಯಾರೆ ಬ್ಯಾರೆ ಔಷಧ.

ನನ್ನ ಉಳಿಸಿದ್ದು ಅಂದ್ರ ನಮ್ಮ ಸಣ್ಣ ಕಾಕಾ, ಅವರೂ ನಿಮ್ಮಂಗ ದೂರ ದುಡ್ಯಾಕ ಹೋದವ್ರು. ಅವರೇನ್ ಅಪ್ಪನ್ನ ಬಿಡಸಲಿಲ್ಲ, ಅಪ್ಪ ಕಡೀತನಕ ಬಿಡ್ಲಿಲ್ಲ. ಕಾಕಾ ನನ್ನ ಹಾಸ್ಟೆಲಿಗೆ ಹಚ್ಚಿದ್ರು, ಫೀ ಸೀದಾ ಸಾಲಿಗೆ ಕಟ್ತಿದ್ರು, ಮತ್ತ ಪ್ರತಿ ಐತವಾರ ಫೋನ್ ಮಾಡಿ ನನ್ನ ಜೋಡಿನ ಮಾತಾಡ್ತಿದ್ರು. ಒಂದ್ ಸಲ ಕೇಳಿದ್ದೆ, ನಾ ಶಾಣ್ಯಾಕಿ ಆಗಿ ಮಾರ್ಕ್ಸ್ ತಂದ್ರ ಅಪ್ಪ ಬಿಡ್ತಾನೇನು ಕಾಕಾ ಅಂತ. ಇಲ್ಲವ್ವಾ, ಅವ ಕುಡಿಯೂದು ನಿನ್ನಿಂದಲ್ಲ, ಬಿಡೂದೂ ನಿನ್ನಿಂದಲ್ಲ, ನೀ ಓದೂದು ನಿನ್ನ ಸಲುವಾಗಿ ಅಂದ್ರು. ಆ ವಯಸ್ಸಿನ್ಯಾಗ ಅದನ್ನ ಯಾರಾದ್ರೂ ಹೇಳೂದು ಭಾಳ ಬೇಕಿರ್ತೈತಿ. ನೀವು ಆಕಿಗೆ ಅದನ್ನ ಹೇಳ್ರಿ.

ಲಗ್ನದ ಮಾತು ಎತ್ತಿದವ್ರಿಗೆ ಹೇಳ್ರಿ, ಹದಿನೆಂಟ ತುಂಬದ ಹುಡುಗಿ ಲಗ್ನಾ ಮಾಡಿದ್ರ ಮಾಡಿಸಿದವ್ರು, ಊಟಕ್ಕ ಕುಂತವ್ರೂ ಕೇಸಿನ್ಯಾಗ ಬರ್ತಾರ, ಮಕ್ಕಳ ಸಹಾಯವಾಣಿ 1098ಕ್ಕ ಒಂದ್ ಫೋನ್ ಸಾಕು. ಬಿಸಿಎಂ (ಹಿಂದುಳಿದ ವರ್ಗದವ್ರ) ಹಾಸ್ಟೆಲ್, ಸಮಾಜ ಕಲ್ಯಾಣದ ಹಾಸ್ಟೆಲ್ ತಾಲೂಕ ಊರಾಗ ಇರ್ತಾವ, ಹೈಸ್ಕೂಲ್ ಹುಡುಗ್ಯಾರಿಗೂ ಸೀಟ್ ಇರ್ತಾವ, ಜೂನ್ ಬರೂಕಿಂತ ಮೊದಲ ವಿಚಾರಿಸ್ರಿ. ಆದ್ರ ಆಕಿನ್ನ ಕೇಳಿ ಮಾಡ್ರಿ, ಕೆಲವು ಹುಡುಗ್ಯಾರಿಗೆ ಅವ್ವನ್ನ ಬಿಟ್ಟು ಬಂದೆ ಅನ್ನೂ ಸಂಕಟಾನ ಜಾಸ್ತಿ ಆಗ್ತೈತಿ.

---

ಪಿಂಪ್ರಿ_ಅಕ್ಕ

ಇಂಡಿ ತಂಗೀ, ಓದಿ ಕಣ್ಣಾಗ ನೀರ ಬಂತವ್ವಾ.

ನಾ ರೊಕ್ಕದ್ದು ಅಷ್ಟ ಬರೀತೀನಿ, ಯಾಕಂದ್ರ ಅದರಾಗ ನಾ ಪಳಗೀನಿ. ನಮ್ಮ ಮನಿಯವ್ರು ಪುಣೆ ಯರವಡಾದಾಗಿನ ಮುಕ್ತಾಂಗಣ ಅನ್ನೂ ಚಟ ಬಿಡಸೂ ಕೇಂದ್ರಕ್ಕ ಹೋಗಿ ಬಂದವ್ರು, ಅದೇನ ಡಾ. ಅನಿಲ್ ಅವಚಟ ಮತ್ತ ಅವರ ಮನಿಯವ್ರು ಅನಿತಾ ಅವಚಟ ಬಾಯಾರು 1986ರಾಗ ಚಾಲೂ ಮಾಡಿದ್ದು. ಅಲ್ಲಿ ಹೆಂಡ್ರಿಗೆ ಅಂತ ಸಹಚರಿ ಅನ್ನೂ ಗುಂಪು ಬ್ಯಾರೆ ಐತಿ, ಎಲ್ಲಾ ಮರಾಠಿ, ನನಗ ಆಗ ಅರ್ಧ ತಿಳೀತಿತ್ತು ಅರ್ಧ ಇಲ್ಲ, ಆದ್ರೂ ಅಳು ಬಂದಾಗ ಬಾಜೂಕಿದ್ದಾಕಿ ಯಾಕ ಅಳ್ತಿ ಅಂತ ಕೇಳ್ತಿರ್ಲಿಲ್ಲ, ಆಕಿಗೆ ಗೊತ್ತ ಇರ್ತಿತ್ತು. ಮುಂಬೈ, ಗೋವಾ ಕಡೆ ಅಲ್‌ಅನಾನ್ ಮೀಟಿಂಗ್ ಅಂತಾನೂ ಆಗ್ತಾವ, ಕುಡುಕರ ಮನಿಯವ್ರದ್ದು, ರೊಕ್ಕ ಕೇಳಂಗಿಲ್ಲ ಹೆಸರು ಕೇಳಂಗಿಲ್ಲ. ತಮ್ಮಾ ನೀ ಹೋಗು, ನೀನೂ ಮನಿಯವನ.

ಈಗ ರೊಕ್ಕ. ಅಣ್ಣನ ಫೋನ್‌ಪೇ ಇವತ್ತ ಬಂದ್ ಮಾಡು, ಆದ್ರ ಸುಮ್ಮನ ಬಂದ್ ಮಾಡಬ್ಯಾಡ, ಅವಗ ನೀನ ಹೇಳು, ಇನ್ನ ಮ್ಯಾಲೆ ನಾ ರೊಕ್ಕ ಹಾಕಂಗಿಲ್ಲ ದವಾಖಾನಿ ಖರ್ಚು ಎಷ್ಟಾದ್ರೂ ಹಾಕ್ತೀನಿ ಅಂತ, ಇಲ್ಲಂದ್ರ ವೈನಿ ಕಿವಿ ಊದಿ ಬಂದ್ ಮಾಡಿಸಿದ್ಲು ಅಂತ ಆಕಿಗೆ ಬೀಳ್ತಾವ. ವೈನಿ ಖಾತೇಕ್ಕೂ ಒಂದ ಗಂಟಲೆ ಹಾಕಬ್ಯಾಡ, ರೊಕ್ಕ ಬಂತು ಅಂತ ಗೊತ್ತಾದ್ರ ಕಸ್ಕೋತಾನ. ಕಿರಾಣಿ ಅಂದ್ರ ಪ್ಯಾಕೇಟ್ ಮಾರದ ಬ್ಯಾರೆ ಅಂಗಡಿ ನೋಡಿ ತಿಂಗಳ ಲೆಕ್ಕ ಹಚ್ಚು, ಸಾಲಿದು ಸಾಲಿಗೆ ಕಟ್ಟು, ಅವ್ವನ ಬಿಪಿ ಗುಳಿಗಿ ಮೆಡಿಕಲ್ಲಿಗೆ ಹಾಕು. ಎಟಿಎಂ ಕಾರ್ಡ್ ವೈನಿ ತವರಮನ್ಯಾಗ ಇರ್ಲಿ. ಸಂಘದ ಸಾಲದ ಬಗ್ಗೆ ಸಂಘದ ಅಧ್ಯಕ್ಷಿಣಿ ಕೂಡ ಮಾತಾಡಿ, ವೈನಿ ತಾನ ಬಂದು ಕೇಳದ ಹೊರತು ಹೊಸಾ ಸಾಲಕ್ಕ ಒಪ್ಪಬ್ಯಾಡ್ರಿ ಅಂತ ಹೇಳು. ಅಂಗಡಿ ಉದ್ರಿ ಮಾತ್ರ ನೀ ತೀರಸಬ್ಯಾಡ, ನೀ ತೀರಸಿದಷ್ಟೂ ಅವ ಮತ್ತ ಕೊಡ್ತಾನ, ಅಂಗಡಿಯವಗ ನಿನ್ನ ಪಗಾರ ಗೊತ್ತೈತಿ.

ಅವ್ವಗ ಹೇಳೂದು ಎಲ್ಲಾಕ್ಕಿಂತ ಕಷ್ಟ. ತಾಯಿ ಕರಳು, ಸೆರಗಿನ ಗಂಟು ಬಿಚ್ಚಿ ಐವತ್ತು ನೂರು ಕೊಟ್ಟ ಕೊಡ್ತಾಳ, ನಡುಗೂದು ನೋಡಾಕ ಆಗಂಗಿಲ್ಲ ಆಕಿಗೆ. ಬೈಯಬ್ಯಾಡ. ಸೊಸಿ ಬಂದ ಮ್ಯಾಲ ಮಗ ಕೆಟ್ಟ ಅಂತೇನಾದ್ರೂ ಅಂತಿದ್ರ ಅದನ್ನ ಮಾತ್ರ ನಿಲ್ಲಸು.

---

ಝುವಾರಿನಗರ_ಹುಡುಗ

ಎಲ್ಲಾರಿಗೂ ಶರಣ್ರಿ. ನೈಟ್ ಶಿಫ್ಟ್ ಇತ್ತು, ಈಗ ಪೂರಾ ಓದಿದೆ.

ಪುಡಿ ಒಗಸೀನಿ, ಸೋದರಮಾವ ಸಿಟ್ಟಾಗ್ಯಾನ ಇರ್ಲಿ. ನಮ್ಮನಿಯಾಕಿ ಕೈಲೆ ವೈನಿಗೆ ಫೋನ್ ಮಾಡಿಸಿದ್ದೆ, ಅಣ್ಣನ ಸುದ್ದಿ ತಗೀಬ್ಯಾಡ ಅಂತ ಹೇಳಿದ್ದೆ. ಮೊದಲ ಸುಮ್ಮನಿದ್ಲಂತ, ಆಮ್ಯಾಲ ಹೆಣ್ಣಮಕ್ಕಳಿಬ್ರೂ ಭಾಳೊತ್ತು ಮಾತಾಡ್ಯಾರ, ಏನ್ ಮಾತಾಡಿದ್ರಿ ಅಂದ್ರ ಈಕಿ ನನಗ ಹೇಳವಲ್ಲಳು. ಇಷ್ಟ ಹೇಳಿದ್ಲು, ವೈನಿಗೆ ನಿದ್ದಿ ಬರವಲ್ದಂತ, ಎದಿ ಢವಢವ ಅಂತೈತಂತ, ಸಾಯೂ ಮಾತೂ ಒಂದ್ ಸಲ ಆಡಿದ್ಲಂತ. ಅದಕ್ಕ ಹೆದರಿಕಿ ಬಂದೈತಿ. ಅಮರಾವತಿ ಎಕ್ಸ್‌ಪ್ರೆಸ್ಸಿಗೆ ಗದಗ ಮಟ ಟಿಕೆಟ್ ತಗಸೀನಿ ಇಬ್ಬರದೂ. ಹೋದ ಮ್ಯಾಲ ಮೊದಲ ಅಣ್ಣನ್ನ ದವಾಖಾನಿಗೆ ಒಪ್ಪಸ್ಲೋ, ವೈನಿನ್ನ ತೋರಸ್ಲೋ?

---

ಬಾಂಬೋಳಿ_ಸಿಸ್ಟರ್

ಮೊದಲ ವೈನಿ. ಊರಿಗೆ ಮುಟ್ಟೂತನಕ ಕಾಯಬ್ಯಾಡ್ರಿ, ಇವತ್ತ ನಿನ್ನ ಹೇಣ್ತಿ ಮತ್ತ ಫೋನ್ ಹಚ್ಚಲಿ, ಸಾಯೂ ವಿಚಾರ ಬರ್ತೈತೇನು ಅಂತ ಬಾಯಿಬಿಟ್ಟು ಕೇಳ್ಲಿ. ಕೇಳಿದ್ರ ಹೆಚ್ಚಾಗಂಗಿಲ್ಲ, ಹಗರ ಆಗ್ತೈತಿ. ರಾತ್ರಿ ಒಬ್ಬಾಕಿನ್ನ ಬಿಡಬಾರದು, ಆಕಿ ಅವ್ವನೋ ತಂಗಿನೋ ಬಂದು ಉಳೀಲಿ, ಹೊಲಕ್ಕ ಹೊಡಿಯೂ ಎಣ್ಣಿ ಬಾಟ್ಲಿ ಮನ್ಯಾಗಿದ್ರ ಇವತ್ತ ಹೊರಗ ಹೋಗಬೇಕು, ಇದನ್ನ ಮರೀಬ್ಯಾಡ್ರಿ. ಕಾನ್ಫರೆನ್ಸ್ ಕಾಲ್ ಹಾಕಿ 14416ಕ್ಕ ಮಾತಾಡಿಸಿದ್ರ ಇನ್ನೂ ಚಲೋ.

ಹೋದ ಮ್ಯಾಲ ಆಕಿನ್ನ ಆಕಿ ಹೆಸರ್ಲೆ ಚೀಟಿ ಮಾಡಿಸಿ ತೋರಸ್ರಿ, ಅಣ್ಣನ ಚೀಟಿ ಜೋಡಿ ಅಲ್ಲ. ನಿದ್ದಿ, ಎದಿ ಬಡಿತ ಎಲ್ಲಾ ಆಕಿನ ಹೇಳ್ಲಿ, ನೀ ನಡುವ ಮಾತಾಡಬ್ಯಾಡ. ಅಣ್ಣ ಅದ ದಿನ ಬರ್ತೀನಿ ಅಂದ್ರ ಕರ್ಕೊಂಡು ಹೋಗ್ರಿ, ಕುಡಿಸದ ಹಂಗ ಒಯ್ಯಬೇಕು ಅಂತ ಮುಂಜಾನಿಂದ ತಡದು ಇಡಬ್ಯಾಡ್ರಿ, ದಾರ್ಯಾಗ ಫಿಟ್ಸ್ ಬಂದ್ರ ಕಷ್ಟ, ಕಡೀಕ ಎಷ್ಟೊತ್ತಿಗೆ ಕುಡದಾನ ಅನ್ನೂದು ಡಾಕ್ಟರಿಗೆ ಹೇಳ್ರಿ. ಮಂಗಳವಾರದ ಓಪಿಡಿ ಇರ್ತೈತೋ ಇಲ್ಲೋ ರೋಣ ದವಾಖಾನಿಗೆ ಸೋಮವಾರನ ಫೋನ್ ಮಾಡಿ ಕೇಳ್ಕೋರಿ, ಇಲ್ಲಂದ್ರ ಸೀದಾ ಗದಗ.